ಇಸ್ತ್ರಿ ಮೇಜಿನ ಕಂಬಳಿ

ಗೋಡೆಯ ಮೇಲೆ ತನ್ನ ಕಂಬಳಿಯನ್ನು ಕಂಡದ್ದೇ ತಡ, ಇಸ್ತ್ರಿ ಅಂಗಡಿಯ ಅಪ್ಪ ಹಿಂದೆ ಮುಂದೆ ನೋಡಿ ಅದಕ್ಕೆ ಅಡ್ಡಲಾಗಿ ಕೈ ಅಗಲಿಸಿ ನಿಂತುಬಿಟ್ಟ. ಸ್ನಾನದ ಮನೆಯ ಬಾಗಿಲು ಯಾರೋ ದಡಕ್ಕನೆ ತೆಗೆದಾಗ ಒಳಗಿದ್ದವರು ನಿಲ್ಲುತ್ತಾರಲ್ಲ, ಥೇಟ್ ಹಾಗೆ.

"ಇಳಿಸು ಇದನ್ನ," ಅಂದ ಮಗಳಿಗೆ. "ಜನ ಬರೋ ಮುಂಚೆ ಇಳಿಸು."

ಮಗಳ ಮೊದಲ ಕಲಾ ಪ್ರದರ್ಶನ ಅದು. ಬಾಗಿಲು ತೆರೆಯಲು ಇನ್ನು ಅರ್ಧ ಗಂಟೆ ಇತ್ತು. ಅಷ್ಟು ದೊಡ್ಡ ಗೋಡೆ ಕೊಟ್ಟರೂ ಅವಳು ತೂಗುಹಾಕಿದ್ದು ಅದೊಂದನ್ನೇ: ಅಪ್ಪನ ಇಸ್ತ್ರಿ ಮೇಜಿನ ಮೇಲೆ ಮೂವತ್ತು ವರ್ಷ ಬಿದ್ದುಕೊಂಡಿದ್ದ ಬೂದು ಕಂಬಳಿ. ಹೋದ ತಿಂಗಳು ಹೊಸ ಕಂಬಳಿ ಹಾಸುವಾಗ 'ಹಳೇದನ್ನ ಕಸಕ್ಕೆ ಹಾಕಿದೆ' ಅಂತ ಹೆಂಡತಿ ಹೇಳಿದ್ದು ಶುದ್ಧ ಸುಳ್ಳು ಅಂತ ಅಪ್ಪನಿಗೆ ಗೊತ್ತಾದದ್ದು ಈಗಲೇ. ಕಂಬಳಿಯ ತುಂಬ ಇದ್ದಿಲ ಕಿಡಿ ಹಾರಿ ಬಿದ್ದ ತೂತುಗಳು, ಕಂದು ಬರೆಗಳು. ನಟ್ಟನಡುವೆ ಇಸ್ತ್ರಿಪೆಟ್ಟಿಗೆಯ ಇಡೀ ಆಕಾರ, ಕಪ್ಪಗೆ, ಮೂತಿ ಮೇಲಕ್ಕೆ ಮಾಡಿಕೊಂಡು.

"ಪುಟ್ಟೀ, ಆಚೆ ರೂಮಲ್ಲಿ ಯಾರೋ ಹರಿದ ಚಪ್ಪಲಿಗಳನ್ನ ಸಾಲಾಗಿ ಜೋಡಿಸಿಟ್ಟಿದಾರೆ. ಅವರ ಮನೇಲಿ ಹೇಳೋರು ಕೇಳೋರು ಇಲ್ಲ, ಬಿಡು. ನಿನಗೆ ನಾನಿದೀನಲ್ಲ! ಇಷ್ಟು ವರ್ಷ ಓದಿದ್ಯಲ್ಲ, ಒಂದು ಹೂವು ಬರಿ, ಒಂದು ಬೆಟ್ಟ ಬರಿ."

"ಬೆಟ್ಟ ಎಲ್ಲರೂ ಬರೀತಾರಪ್ಪ. ಇದನ್ನ ನಿನ್ನ ಬಿಟ್ಟು ಯಾರು ಬರೀತಾರೆ ಹೇಳು? ನಾನು ಮೊಳೆ ಹೊಡೆದಿದೀನಿ, ಅಷ್ಟೆ."

"ನಾನೆಲ್ಲಿ ಬರೆದೆ? ಇದರಲ್ಲಿರೋದೆಲ್ಲ ನಾನು ಕೈ ತಪ್ಪಿದ್ದು! ಒಂದು ಬಟ್ಟೇನೂ ಸುಟ್ಟಿಲ್ಲ ಅಂತ ಮೂವತ್ತು ವರ್ಷದಿಂದ ಎಲ್ಲರ ಹತ್ರಾನೂ ಹೇಳ್ಕೊಂಡು ಬಂದಿದೀನಿ. ಈಗ ನೀನು ಊರಿಗೆಲ್ಲ ಕಾಣೋ ಹಾಗೆ ಹರವಿದೀಯ. ಯಾರ್ಯಾರನ್ನ ಕರೆದಿದೀಯ?"

"ಎಲ್ಲರನ್ನೂ. ನಿನ್ನ ಹಳೇ ಗಿರಾಕಿ ವಕೀಲರೂ ಬರ್ತಾರೆ."

ವಕೀಲರು ಅಂದಕೂಡಲೇ ಅಪ್ಪನ ಮುಖ ಬಿಳಿಚಿಕೊಂಡಿತು. ಅದುವರೆಗೂ ನಗುತ್ತಿದ್ದ ಮಗಳಿಗೆ ಇದು ತಮಾಷೆಯಲ್ಲ ಅಂತ ಅರ್ಥವಾಯಿತು. ಬರಿದಾಗಲಿದ್ದ ಗೋಡೆಯನ್ನು ಒಂದು ಸಲ ನೋಡಿದಳು, ಅಪ್ಪನನ್ನು ಒಂದು ಸಲ ನೋಡಿದಳು. ಸ್ಟೂಲು ಎಳೆದು, ಹತ್ತಿ, ಎಡಗಡೆಯ ಮೊಳೆ ಕಿತ್ತಳು. ಕಂಬಳಿಯ ಒಂದು ಮೂಲೆ ಜೋತುಬಿತ್ತು.

"ಏಯ್, ಇಳಿಸಬೇಡಮ್ಮಾ, ನಾನಿನ್ನೂ ನೋಡೇ ಇಲ್ಲ!" ಅಂತ ಬಾಗಿಲ ಕಡೆಯಿಂದ ದನಿ ಬಂತು. ಎಲ್ಲಿಗೆ ಹೋಗುವುದಿದ್ದರೂ ಹದಿನೈದು ನಿಮಿಷ ಮೊದಲೇ ಹೋಗಿ ಕೂರುವ ವಕೀಲರು, ಅಪ್ಪ ಬೆಳಿಗ್ಗೆಯಷ್ಟೇ ಗರಿಗರಿಯಾಗಿ ಇಸ್ತ್ರಿ ಮಾಡಿಕೊಟ್ಟ ಅಂಗಿ ಹಾಕಿಕೊಂಡು ಬಂದಿದ್ದರು. ಕನ್ನಡಕ ಏರಿಸಿ, ಅಪ್ಪನ ತೋಳಿನ ಅಡಿಯಿಂದ ಬಗ್ಗಿ ನೋಡಿದರು. ಬೆರಳು ನೇರವಾಗಿ ನಡುವಿನ ಕಪ್ಪಿಗೇ ಹೋಯಿತು.

"ಇಲ್ಲಿ ಸುಟ್ಟದ್ದು ಯಾರ ಬಟ್ಟೆ?"

"ಬಟ್ಟೆ ಅಲ್ಲ ಸಾರ್. ಸುಮ್ನೆ ಪೆಟ್ಟಿಗೇನ ಕಂಬಳಿ ಮೇಲೆ ಇಟ್ಟಿದ್ದೆ."

"ಪೆಟ್ಟಿಗೆ ಇಡೋಕೆ ಮೇಜಿನ ತುದೀಲಿ ಕಬ್ಬಿಣದ ಸ್ಟ್ಯಾಂಡಿದೆ. ಅದು ಬಿಟ್ಟು ಬೇರೆ ಕಡೆ ನೀವು ಇಟ್ಟಿದ್ದನ್ನ ನಾನಂತೂ ನೋಡಿಲ್ಲ."

ಅಪ್ಪನ ಅಗಲಿಸಿದ ಕೈಗಳು ಕೆಳಗಿಳಿದವು. "ನಿಮ್ದೇ ಸಾರ್," ಅಂದ, ನೆಲ ನೋಡಿಕೊಂಡು. "ನೀಲಿ ಗೆರೆಯ ಅಂಗಿ. ಇಪ್ಪತ್ತೈದು ವರ್ಷ ಆಯ್ತು. ಅಂಥದ್ದೇ ಹುಡುಕಿ ತಂದು, ನಾಲ್ಕು ಸಲ ಒಗೆದು, ಹಳೇದು ಮಾಡಿ ಕೊಟ್ಟೆ."

"ಗೊತ್ತು."

"ಗೊತ್ತಾ?"

"ನನ್ನ ಅಂಗೀಲಿ ಒಂದು ಗುಂಡಿ ಬೇರೆ ಬಣ್ಣದ್ದಿತ್ತು ಕಣ್ರೀ. ನಮ್ಮನೆಯವರು ಹೊಲಿದಿದ್ದು. ನೀವು ಕೊಟ್ಟದ್ರಲ್ಲಿ ಎಲ್ಲಾ ಒಂದೇ ಬಣ್ಣ!"

"ಮತ್ತೆ ಒಂದು ಮಾತೂ ಕೇಳಲಿಲ್ವಲ್ಲ ಸಾರ್?"

"ಯಾಕೆ ಕೇಳ್ಲಿ? ಹೊಸದು ಹೊಟ್ಟೆ ಹತ್ರ ಸಡಿಲವಾಗಿತ್ತು."

ಸ್ಟೂಲಿನ ಮೇಲಿದ್ದ ಮಗಳು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. ವಕೀಲರು ಮಾತ್ರ ನಗಲಿಲ್ಲ. "ಒಂದೇ ಒಂದು ಪ್ರಶ್ನೆ ಉಳಿದಿದೆ," ಅಂದರು. "ನಿಮ್ಮಂಥ ಕೈ ಇರೋರು. ಅಂಗಿ ಸುಟ್ಟು ಕಂಬಳಿವರೆಗೂ ಇಳಿಯೋವಷ್ಟು ಹೊತ್ತು ಏನು ನೋಡ್ತಾ ನಿಂತಿದ್ರಿ?"

ಅಪ್ಪ ಕತ್ತೆತ್ತಿ ಮಗಳನ್ನು ನೋಡಿದ. "ಇವಳಿಗಾಗ ಐದು ವರ್ಷ ಸಾರ್. ಬುಟ್ಟಿಯಿಂದ ಒಂದು ಇದ್ದಿಲು ತಗೊಂಡು ಅಂಗಡಿ ನೆಲದ ಮೇಲೆ ಏನೋ ಗೀಚ್ತಾ ಇದ್ಳು. ಬೈಯೋಣ ಅಂತ ಬಗ್ಗಿದೆ. ನೋಡಿದ್ರೆ ಇಸ್ತ್ರಿಪೆಟ್ಟಿಗೆ! ಹಿಡಿ, ಮುಚ್ಚಳ, ಮೂತಿ, ಪಕ್ಕದಲ್ಲಿ ಗಾಳಿ ಆಡೋ ತೂತು ಸಮೇತ. ನಮ್ಮ ಪೆಟ್ಟಿಗೇಲಿರೋ ಏಳು ತೂತೂ ಹಾಕಿದಾಳಾ ಅಂತ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಣಿಸಿದೆ. ಅಷ್ಟರಲ್ಲಿ ವಾಸನೆ ಬಂತು."

ಹೊರಗೆ ಜನ ಸೇರುತ್ತಿದ್ದ ಗಲಾಟೆ ಕೇಳಿಸಿತು. ಅಪ್ಪ ಜೋತುಬಿದ್ದ ಮೂಲೆಯನ್ನು ಎತ್ತಿ, ಅಂಗೈಯಿಂದ ಎರಡು ಸಲ ಸವರಿ ಸುಕ್ಕು ತೆಗೆದು, ಅವಳ ಕೈಗೆ ಕೊಟ್ಟ.

"ಏಳಕ್ಕೆ ಏಳೂ ಇತ್ತು," ಅಂದ. "ಹೊಡಿ ಮೊಳೆ."