ಕದಿರಪ್ಪನನ್ನು ಕೂಗಿದ್ದು

ಅವರೆಕಾಯಿಯ ಕಾಲ. ಮಧ್ಯಾಹ್ನದ ಪಾಳಿಗೆ ಗಣಿಯ ಸೈರನ್ ಕೂಗಿ ಸ್ವಲ್ಪ ಹೊತ್ತಾಗಿತ್ತು. ಚಾಂಪಿಯನ್ ರೀಫ್ಸ್‌ನ ಗಣಿ ಕೂಲಿಗಳ ಲೈನ್ ಮನೆಗಳಿಂದ ಸೂಸೈನ ಹೆಣದ ಪೆಟ್ಟಿಗೆ ಹೊರಟಿತು. ಎಲ್ಲರಿಗಿಂತ ಮುಂದೆ ಚರ್ಚಿನ ಸಾವಿನ ಹಾಡುಗಾರ ರಾಯಪ್ಪ. ಬಲಗೈ ಕಿವಿಗೆ ಕೊಟ್ಟು ಕಣ್ಣು ಮುಚ್ಚಿ ಹಾಡುವುದು ಅವನ ರೂಢಿ. ದಾರಿ ಕಾಲಿಗೇ ಗೊತ್ತಿತ್ತು. ಅವನು ಒಂದು ಸಾಲು ಹೇಳಿದರೆ ಹಿಂದಿನವರು ಅದನ್ನೇ ತಿರುಗಿ ಹೇಳಬೇಕು. ದಿಬ್ಬದ ಹತ್ತಿರ ಹಿಂದಿನ ದನಿ ನಿಂತುಹೋಯಿತು. ಏರುದಾರಿ, ಉಸಿರು ಸಾಲದು ಪಾಪ ಅಂದುಕೊಂಡು, ಅವರ ಪಾಲನ್ನೂ ತಾನೇ ಹಾಡಿಕೊಂಡು ಸ್ಮಶಾನದ ಗೇಟು ಮುಟ್ಟಿದ.

ಗುಂಡಿ ತೋಡಿದವನು ಸನಿಕೆ ಊರಿಕೊಂಡು ನೋಡಿದ.

"ಏನ್ ರಾಯಪ್ಪಣ್ಣ, ಒಬ್ನೇ ಬಂದ್ಬಿಟ್ಟಿದ್ದೀಯ? ಇವತ್ತು ನಿನ್ನೇ ಊಳ್ಬೇಕಾ?"

ರಾಯಪ್ಪ ತಿರುಗಿದ. ದಾರಿಯಲ್ಲಿ ಒಂದು ಮೇಕೆ ಬಿಟ್ಟರೆ ಯಾರೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಹೆಣ ತಪ್ಪಿಸಿಕೊಂಡದ್ದು ಇದೇ ಮೊದಲು. ಏನೂ ತೋಚದೆ ಬಂದ ದಾರಿಯಲ್ಲೇ ಓಡಿದ.

ದಿಬ್ಬದ ಕೆಳಗೆ ಹುಣಸೆಮರದಡಿ ಪೆಟ್ಟಿಗೆ ಇಳಿಸಿದ್ದರು. ತಲೆಯ ಕಡೆ ಕಾಲು, ಕಾಲಿನ ಕಡೆ ತಲೆ ಬರುವಂತೆ ತಿರುಗಿಸಿಯೂ ಇದ್ದರು. ಹೊತ್ತವರೆಲ್ಲ ಬೇತಮಂಗಲದ ಕಡೆಯ ಹಳ್ಳಿಯವರು. ಸೂಸೈ ಆ ಊರಿನಲ್ಲೇ ಕದಿರಪ್ಪನಾಗಿ ಹುಟ್ಟಿದವನು. ಗಣಿಗೆ ಬಂದು, ಚರ್ಚಿನ ಹುಡುಗಿಯನ್ನು ಕಟ್ಟಿಕೊಂಡು ಸೂಸೈ ಆಗಿದ್ದ. ಅವಳು ಮೊದಲೇ ತೀರಿಕೊಂಡಿದ್ದಳು. ಈಗ ಅವನ ತಾಯಿ ಮುತ್ಯಾಲಮ್ಮ ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿ ಕೂತಿದ್ದಳು. ಚರ್ಚಿನ ಉಪದೇಶಿ ಇನ್ನಾಸಿ ಬೆವರುತ್ತಿದ್ದ.

"ರಾಯಪ್ಪ, ನೀನಾದರೂ ಹೇಳಯ್ಯ ಇವರಿಗೆ. ಮೊಳೆ ಹೊಡೆದ ಪೆಟ್ಟಿಗೆ ಬಿಚ್ಚಬೇಕಂತೆ. ಕಿವಿ ಬೇಕಂತೆ, ಕಿವಿ!"

ಸತ್ತವನ ತಮ್ಮ ಕೋದಂಡಪ್ಪ ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡ. "ನಡುದಾರೀಲಿ ಇಳ್ಸಿ, ಕಿವೀಲಿ ಎಸ್ರಿಡಿದು ಮೂರ್ ಸಲ ಕೂಗ್ದೆ ನಮ್ಮಲ್ಲಿ ಎಣ ಮುಂದುಕ್ಕೆ ಓಗಲ್ಲ ಸಾಮಿ. ಜೀವ ಇದ್ರೆ ಓ ಅಂತಾನೆ. ಇಲ್ದಿದ್ರೆ ಇಲ್ಲ."

"ಡಾಕ್ಟರೇ ಕೂಗಿ ನೋಡಿ, ಸತ್ತ ಅಂತ ಹೇಳಿದ್ದಾರಲ್ಲ!"

"ಡಾಕ್ಟ್ರು ಏನಂತ ಕೂಗ್ದ?" ಮುತ್ಯಾಲಮ್ಮ ಕೇಳಿದಳು. "ಸೂಸೈ ಅಂತ ತಾನೆ? ಅದು ಇನ್ಯಾರ್ನೋ ಕೂಗ್ದಂಗೆ. ನನ್ ಮಗ ಯಾಕೆ ಓ ಅಂತಾನೆ?"

ಇನ್ನಾಸಿ ಪೆಟ್ಟಿಗೆಗೆ ಅಡ್ಡ ಬಂದು ನಿಂತ. ಬಿಚ್ಚಲು ಬಿಡಲಿಲ್ಲ. ಕೊನೆಗೆ ಮುತ್ಯಾಲಮ್ಮನೇ ಪಟ್ಟು ಸಡಿಲಿಸಿದಳು. ಮುಚ್ಚಳದ ಮೇಲಿಂದಲೇ ಕೂಗಿದರೂ ಸಾಕು ಅಂದಳು. ಆದರೆ ಅತ್ತೂ ಅತ್ತೂ ಅವಳ ಗಂಟಲು ಕಟ್ಟಿತ್ತು. ಆಡಿದ ಮಾತು ಪಕ್ಕದವರಿಗೇ ಕೇಳಿಸುತ್ತಿರಲಿಲ್ಲ. ಕೋದಂಡಪ್ಪ ಚಿಕ್ಕವನು, ಅಣ್ಣನ ಹೆಸರು ಹಿಡಿದು ಕೂಗುವಂತಿಲ್ಲ. ಮಿಕ್ಕ ನೆಂಟರೂ ವರಸೆಯಲ್ಲಿ ತಮ್ಮಂದಿರೇ. ಅವಳು ರಾಯಪ್ಪನ ಕಡೆ ತಿರುಗಿದಳು.

"ನೀನು ಕೂಗಪ್ಪ. ನಿನ್ ಗಂಟ್ಲು ಪೆಟ್ಗೆ ಅಲಗೆ ದಾಟ್ತದೆ."

"ಕೂಗಿದೆಯೋ, ಭಾನುವಾರದಿಂದ ಹಾಡೋಕೆ ಬರಬೇಡ" ಅಂದ ಇನ್ನಾಸಿ.

ರಾಯಪ್ಪನಿಗೆ ತಲೆ ಕೆಟ್ಟಿತು. ಕೂಗಿದರೆ ಚರ್ಚು ಬಿಡಬೇಕು. ಆ ಹಾಡು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಕೂಗದಿದ್ದರೆ ಈ ಮುದುಕಿ ಮಗನನ್ನು ಜೀವಂತ ಹೂಳಿದೆ ಅಂತಲೇ ಇನ್ನು ಉಳಿದ ದಿನ ಕಳೆಯುತ್ತಾಳೆ. ಯಾವುದು ಪಾಪ ಅನ್ನುವುದು ಅವನಿಗೆ ತಿಳಿಯಲಿಲ್ಲ. ತಿಳಿಯದೆಯೇ ಮಂಡಿಯೂರಿ ಮುಚ್ಚಳಕ್ಕೆ ಬಾಯಿಟ್ಟ.

"ಕದಿರಾ...ಆ..." ರೂಢಿಯಂತೆ ರಾಗವೇ ಬಂತು.

"ಆಡಬ್ಯಾಡಪ್ಪ, ಕೂಗು!" ಮುದುಕಿ ಗದರಿದಳು. "ಉಣ್ಣಕ್ಕೆ ಕರ್ದಂಗೆ ಕೂಗು."

"ಲೋ ಕದಿರಾ!"

ಕೂಗಿದ ಮೇಲೆ ತಡೆದು, ಕಿವಿಗೊಟ್ಟು ಕೇಳಬೇಕು. ಎಲ್ಲರೂ ಕೇಳಿದರು. ಇನ್ನಾಸಿ ಕೂಡ ಕೈಯಲ್ಲಿದ್ದ ಗಂಟೆಯ ನಾಲಿಗೆ ಅದುಮಿ ಹಿಡಿದ. ಸತ್ತವರು ಏಳುತ್ತಾರೆ ಅಂತ ರಾಯಪ್ಪ ಅದೆಷ್ಟೋ ಹೆಣಗಳ ಮುಂದೆ ಹಾಡಿದ್ದ. ಹಾಡು ನಿಲ್ಲಿಸಿ, ಎದ್ದರೇನೋ ಅಂತ ಒಮ್ಮೆಯೂ ಕೇಳಿರಲಿಲ್ಲ. ಇವತ್ತು ಕೇಳಿದ. ಮುಚ್ಚಳಕ್ಕೆ ಕಿವಿ ಒತ್ತಿ, ಉಸಿರು ಕಟ್ಟಿ ಕೇಳಿದ. ಮತ್ತೆ ಕೂಗಿದ. ಮೂರನೇ ಸಲ ಕೂಗುವಾಗ ಅವನ ದನಿಯೇ ಒಡೆಯಿತು.

ಮುತ್ಯಾಲಮ್ಮ ಕಾದಳು. ಆಮೇಲೆ ಕೈ ತೆಗೆದಳು.

"ಇಲ್ಲ. ಎತ್ರಪ್ಪ."

ಸ್ಮಶಾನದಲ್ಲಿ ರಾಯಪ್ಪ ಹಾಡಿದ. ಆದರೆ ಸಾಲು ಸಾಲಿಗೂ ತಡೆದು ತಡೆದು ನಿಲ್ಲುತ್ತಿದ್ದ. ಹಿಂದೆ ಹೇಳುವವರು ಎಲ್ಲಿ ಸೇರಬೇಕೋ ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡಿದರು. ಮಣ್ಣು ಮುಚ್ಚಿದ ಮೇಲೆ ಇನ್ನಾಸಿ ಗಂಟೆ ಎತ್ತಿಕೊಂಡು ಹೊರಟುಬಿಟ್ಟ. ಭಾನುವಾರ ಬರಬೇಕೋ ಬೇಡವೋ ಅಂತ ಕೇಳುವ ಧೈರ್ಯ ರಾಯಪ್ಪನಿಗೆ ಬರಲಿಲ್ಲ.

ಮೂರನೇ ದಿನ ಮಣ್ಣಿಗೆ ಹಾಲುತುಪ್ಪ ಬಿಟ್ಟು ಮುತ್ಯಾಲಮ್ಮ ಊರಿಗೆ ಹೊರಟಳು. ಆಂಡರ್ಸನ್‌ಪೇಟೆಯಲ್ಲಿ ಬಸ್ಸು ಹತ್ತಿಸಲು ಬಂದಿದ್ದ ರಾಯಪ್ಪನನ್ನು ಕಿಟಕಿಯ ಹತ್ತಿರ ಕರೆದಳು.

"ನಿಂಗೆ ಯಾರವ್ರೆ?"

"ಯಾರೂ ಇಲ್ಲಮ್ಮ."

"ಅಂಗಾರೆ ನಾಳೆ ನಿನ್ನ ಕೂಗೋರು?"

"ನಮ್ಮಲ್ಲಿ ಆ ಪದ್ಧತಿ ಇಲ್ಲಮ್ಮ."

"ಇಲ್ದಿದ್ರೆ ಬುಡು. ನಿಮ್ಮವ್ವ ನಿನ್ನ ಏನಂತ ಕರೀತಿದ್ಲು?"

ರಾಯಪ್ಪ ನಗಲು ಹೋದ, ಆಗಲಿಲ್ಲ. ಇನ್ನಾಸಿ ಎಲ್ಲಾದರೂ ಇದ್ದಾನೋ ಅಂತ ಆ ಕಡೆ ಈ ಕಡೆ ನೋಡಿ, ಕಿಟಕಿಯ ಸರಳಿಗೆ ಬಾಯಿಟ್ಟು ಮೆಲ್ಲಗೆ ಹೇಳಿದ. ಮುದುಕಿ ತಲೆದೂಗಿ, ಮರೆಯದಿರಲೆಂದು ತುಟಿಯಲ್ಲೇ ಹೇಳಿಕೊಳ್ಳತೊಡಗಿದಳು. ಆ ಹೆಸರು ಬಲ್ಲ ಒಬ್ಬಳೇ ಒಬ್ಬಳು, ಶನಿವಾರದ ಬಸ್ಸಿಗೆ ಬೇತಮಂಗಲಕ್ಕೆ ಹೊರಟುಹೋದಳು.