ತೀರ್ಪಿನ ದಿನದ ಒಬ್ಬಟ್ಟು

ಒಬ್ಬಟ್ಟು ಕೊಟ್ಟು ಹೊಟ್ಟೆ ಉರಿಸುವುದು ಹೇಗೆಂದು ಗೊತ್ತೇ ನಿಮಗೆ? ಸೊಸೆ ಈಗ ಕಾವಲಿಗೆ ತುಪ್ಪ ಬಿಟ್ಟಾಗ ದೇವನಹಳ್ಳಿಯ ಆ ಮಧ್ಯಾಹ್ನ ಮೂಗಿಗೆ ಬಂತು.

ನಮ್ಮ ಸೋದರತ್ತೆಯನ್ನು ಅವಳ ಗಂಡನೇ ಸಾರಿನಲ್ಲಿ ವಿಷ ಬೆರೆಸಿ ಕೊಂದಿದ್ದ. ಅವನಿಗೆ ಜೀವಾವಧಿ ಆಯಿತೆಂದು ಅಪ್ಪ ಬಸ್ಸಿಳಿದು ಬಂದು ಹೇಳಿದ. ಬೀದಿಯ ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿ ಸೇರಿದರು.

“ನೇಣಿಗೇ ಹಾಕ್ಬೇಕಿತ್ತು ಕಣಕ್ಕ ಆ ಮುಂಡೇಮಗನ್ನ” ಎಂದಳು ಪಕ್ಕದ ಮನೆಯವಳು.

ಮಗಳು ಸತ್ತಮೇಲೆ ಹಬ್ಬವನ್ನೇ ಮಾಡದಿದ್ದ ಅಜ್ಜಿ ಅಂದು ಹೂರಣ ರುಬ್ಬಿದಳು. ಬಿಸಿ ಒಬ್ಬಟ್ಟು ಎರಡನ್ನು ಮುತ್ತುಗದೆಲೆಯಲ್ಲಿ ಸುತ್ತಿ, “ಅವನವ್ವಂಗೆ ಕೊಟ್ಬಾ. ನಮ್ಮನೇಲಿ ಇವತ್ತು ಹಬ್ಬ ಅನ್ನು” ಎಂದಳು.

ನಾನು ಕುಣಿಯುತ್ತಾ ಹೋಗಿ ಹಾಗೆಯೇ ಹೇಳಿದೆ. ಆ ಮುದುಕಿ ಎಲೆ ಬಿಚ್ಚಿ ನೋಡಿ, ನನ್ನ ಮುಂದೆಯೇ ಇಟ್ಟಳು.

“ಮೊದ್ಲು ನೀನೊಂದು ತುತ್ತು ತಿನ್ನು ಮಗ. ಆಮೇಲೆ ನಾನ್ ತಿಂತೀನಿ.”