ಪೆನ್ನು ಹಿಡಿದ ಕೈ

"ಕೊಡಿಲ್ಲಿ, ನಾನೇ ಮಡಚ್ತೀನಿ" ಎಂದು ಸಗಿನ್ ತಾತ ಕೈಚಾಚಿದಾಗ ಜಾರ್ಕಿನ್ ಹಾಳೆಯನ್ನು ಕೊಡಲೇಬೇಕಾಯಿತು. ಕಣ್ಣು ಕಾಣದ ಮುದುಕರು ಮತಪತ್ರವನ್ನು ವಾಪಸ್ ಕೇಳುತ್ತಾರೆಂದು ಅವಳು ಎಣಿಸಿರಲಿಲ್ಲ. ನರಿನ್ ಕಣಿವೆಯ ಮನೆಮನೆಗೆ ಮತಪೆಟ್ಟಿಗೆ ಹೊತ್ತು ತಿರುಗುತ್ತಿದ್ದ ಈ ಟೀಚರಮ್ಮ ಆರು ಹೆಸರುಗಳನ್ನು ಓದಿದ್ದಳು. ತಾತ ಅವಳ ಕಿವಿಯಲ್ಲಿ ಹೇಳಿದ್ದು ಎರಡನೆಯದು. ಅವಳು ಗುರುತು ಹಾಕಿದ್ದು ಕೊನೆಯದಕ್ಕೆ. ಕೊನೆಯ ಹೆಸರು ಅವಳ ಸೋದರಮಾವನದು.

ನಲವತ್ತು ವರ್ಷ ಕುದುರೆಯ ಜೀನು ಹೊಲಿದ ಬೆರಳುಗಳವು. ತಾತ ಹಾಳೆಯನ್ನು ಮಗುಚಿ, ಪೆನ್ನು ಒತ್ತಿ ಮೂಡಿದ ಉಬ್ಬನ್ನು ಹೆಬ್ಬೆರಳಿನಿಂದ ಹುಡುಕಿದರು. ಮೇಲೆಲ್ಲ ನುಣುಪು. ಬೆರಳು ನಿಂತದ್ದು ತೀರಾ ತಳದಲ್ಲಿ.

"ಏನಾದ್ರೂ ತಪ್ಪಾಯ್ತಾ ತಾತ? ಹೇಳಿ, ಬೇರೆ ಹಾಳೆ ಕೊಡಿಸ್ತೀನಿ" ಎಂದ, ಬಾಗಿಲಲ್ಲಿ ನಿಂತಿದ್ದ ಎದುರು ಪಕ್ಷದ ವೀಕ್ಷಕ. ತಾತ ಒಂದು ಮಾತಾಡಿದ್ದರೆ ಜಾರ್ಕಿನ್‌ಳ ಶಾಲೆಯ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

"ಎಂಥಾ ತಪ್ಪಯ್ಯಾ? ನನ್ನ ಮೊಮ್ಮಕ್ಕಳಿಗೆ ಅಕ್ಷರ ಕಲಿಸಿದೋಳು ಇವಳು" ಎಂದ ತಾತ ಹಾಳೆ ಮಡಚಿ, ಪೆಟ್ಟಿಗೆಯ ಸೀಳನ್ನು ತಡವಿ ಒಳಗೆ ಹಾಕಿಬಿಟ್ಟರು.

ಅವಳು ಪೆಟ್ಟಿಗೆ ಎತ್ತಿಕೊಂಡು ಎದ್ದಳು. ರೊಟ್ಟಿಯ ಒಂದು ತುಣುಕಾದರೂ ಮುರಿದು ತಿನ್ನದೆ ಆ ಕಣಿವೆಯಲ್ಲಿ ಯಾರೂ ಬಂದ ಮನೆಯಿಂದ ಹೊರಡುವುದಿಲ್ಲ. ತಾತ ರೊಟ್ಟಿ ಹಿಡಿದು, ಅವಳಿಗಷ್ಟೇ ಕೇಳುವಂತೆ ಹೇಳಿದರು: "ಮುರಿ ಮಗಳೇ. ಪೆನ್ನು ಹಿಡಿದಿದ್ಯಲ್ಲ, ಆ ಕೈಯಲ್ಲೇ ಮುರಿ."

ಜಾರ್ಕಿನ್‌ಳ ಬಲಗೈ ಮೇಲೇಳಲಿಲ್ಲ.